ಹಳೇ ಜೋಡಿ ಕೊಡುವುದಿಲ್ಲ ಚಿನ್ನೂ

ರಾಯಚೂರು

ಪ್ರೀತಿಯ ಚಿನ್ನೂ,

ಧಾರವಾಡದಲ್ಲಿ ರೂಮು ಸಿಕ್ಕಿತು, ಕಿಟಕಿ ಪಕ್ಕ ಕಲ್ಲಿನ ಕಟ್ಟೆ ಇದೆ, ಅಲ್ಲಿ ಮೀನಿನ ಟ್ಯಾಂಕ್ ಇಡುತ್ತೇನೆ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಸಮುದ್ರದ ಮೀನು, ನಮ್ಮ ಕ್ಲೌನ್‌ಫಿಶ್ ಜೋಡಿ ಕೊಡಪ್ಪಾ ಅಂತ ಕೇಳಿದ್ದೀಯ. ಮೊಟ್ಟೆ ಇಡುತ್ತಿರುವ ಜೋಡಿ ಇರುವಾಗ ಹೊಸದಾಗಿ ಶುರು ಮಾಡುವುದೇಕೆ ಅನ್ನುವುದು ನಿನ್ನ ವಾದ. ಫೋನಿನಲ್ಲಿ ಉತ್ತರ ಕೊಡೋಕೆ ಹೋದರೆ ನೀನು ಅರ್ಧಕ್ಕೇ ತಡೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಜೋಡಿ ಕೊಡುವುದಿಲ್ಲ. ಮರಿ ಕೊಡುತ್ತೇನೆ.

ಆ ಎರಡು ಮೀನುಗಳು ಮಣ್ಣಿನ ಕುಂಡದ ಸುತ್ತಲಿನ ಗೇಣುದ್ದ ಜಾಗವನ್ನು ತಮ್ಮದು ಮಾಡಿಕೊಂಡಿವೆ. ನಾನು ಕೈ ಹಾಕಿದರೂ ದೊಡ್ಡದು ಬಂದು ಕಚ್ಚುತ್ತದೆ. ಜಾಗ ಬದಲಿಸಿದರೆ ಇಂಥ ಜೋಡಿ ತಿಂಗಳುಗಟ್ಟಲೆ ಮೊಟ್ಟೆ ನಿಲ್ಲಿಸಿಬಿಡಬಹುದು. ಇನ್ನು ನಿನಗೆ ಬೇಕಿರುವುದು ಮೀನಾ, ಮರಿಗಳಾ ಅಂತ ನೀನೇ ಇನ್ನೂ ನಿರ್ಧಾರ ಮಾಡಿಲ್ಲ. ಎರಡೂ ಬೇರೆ ಬೇರೆ ಕೆಲಸ. ಮೀನು ಸಾಕುವುದು ಸುಲಭ ಅಂತಲೇ ಹೇಳುತ್ತೇನೆ. ಮರಿ ಬೆಳೆಸುವುದು ಅಂದರೆ ಮೀನಿನ ಕೆಲಸ ಕಡಿಮೆ, ಮೀನಿಗಿಂತ ಸಣ್ಣ ಜೀವಿಗಳ ಕೆಲಸ ಜಾಸ್ತಿ.

ಮೊದಲು ಜೋಡಿ ವಿಷಯ. ಕ್ಲೌನ್‌ಫಿಶ್ ಮರಿಗಳಲ್ಲಿ ಹೆಣ್ಣು ಅಂತ ಯಾವುದೂ ಇರುವುದಿಲ್ಲ. ಬಲಿಯುವಾಗ ಮೊದಲು ಗಂಡಾಗುತ್ತವೆ. ಗುಂಪಿನಲ್ಲಿ ಯಾವುದು ದೊಡ್ಡದೋ, ಯಾವುದರ ಜೋರು ನಡೆಯುತ್ತದೋ ಅದು ಹೆಣ್ಣಾಗುತ್ತದೆ. ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಒಮ್ಮೆ ಹೆಣ್ಣಾದ ಮೇಲೆ ವಾಪಸ್ ದಾರಿ ಇಲ್ಲ. ಹಾಗಾಗಿ ಬಲಿತ ಎರಡು ಹೆಣ್ಣುಗಳನ್ನು ಒಂದೇ ಟ್ಯಾಂಕಿಗೆ ಬಿಟ್ಟರೆ ಒಂದು ಸಾಯುವವರೆಗೂ ಜಗಳ. ಎಳೆಯ ಮರಿಗಳಾದರೆ ಈ ತಲೆನೋವಿಲ್ಲ. ಒಂದು ದೊಡ್ಡದು, ಒಂದು ಸಣ್ಣದು ಬಿಟ್ಟರೆ ಸಾಕು, ಉಳಿದದ್ದು ಅವೇ ತೀರ್ಮಾನ ಮಾಡಿಕೊಳ್ಳುತ್ತವೆ. ಸಣ್ಣದು ಆಗಾಗ ದೊಡ್ಡದರ ಮುಂದೆ ಮೈ ಓರೆ ಮಾಡಿ ಗಡಗಡ ನಡುಗುತ್ತದೆ. ಕಾಯಿಲೆ ಅಂತ ರಾತ್ರಿ ಫೋನ್ ಮಾಡಬೇಡ. ನಿನ್ನ ಮಾತೇ ನಡೆಯಲಿ ಅಂತ ಒಪ್ಪಿಕೊಳ್ಳುವ ರೀತಿ ಅದು.

ನಮ್ಮ ಮರಿಗಳೆಲ್ಲ ಒಂದೇ ತಂದೆ ತಾಯಿಯವು. ಅವುಗಳಲ್ಲೇ ಜೋಡಿ ಮಾಡುವುದು ನನಗೆ ಇಷ್ಟವಿಲ್ಲ. ಹುಬ್ಬಳ್ಳಿಯಲ್ಲಿ ಇದೇ ಹುಚ್ಚಿನವರು ಒಬ್ಬರಿದ್ದಾರೆ. ಅವರದ್ದೊಂದು ಸಣ್ಣ ಮರಿ ನಿನಗೆ, ನಮ್ಮದೊಂದು ಅವರಿಗೆ ಅಂತ ಮಾತಾಗಿದೆ. ದೊಡ್ಡದು ಇಲ್ಲಿಂದ ಬರುತ್ತದೆ. ಅವು ಮೊಟ್ಟೆ ಇಡುವಷ್ಟು ಬಲಿಯಲು ವರ್ಷವೋ ಎರಡು ವರ್ಷವೋ ಬೇಕು. ನಿನ್ನ ಎಂಎಸ್ಸಿ ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ ಅಲ್ವಾ?

ಇನ್ನು ನೀರು. ನಮ್ಮ ಜಿಲ್ಲೆಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಎದುರುಮನೆಯ ಅಜ್ಜ ಇವತ್ತಿಗೂ "ಎರಡು ಹೊಳಿ ಇಟ್ಕೊಂಡು ಉಪ್ಪಿನ ನೀರಾಗ ಮೀನ ಸಾಕ್ತೀಯಲ್ಲೋ" ಅಂತ ನಗುತ್ತಾರೆ. ಬೋರಿನ ನೀರು ಹೇಗಿದೆ ಅಂತ ನನ್ನ ಅಂಗಡಿಗೆ ಬಂದರೆ ಗೊತ್ತಾಗುತ್ತದೆ. ರಿವೈಂಡಿಂಗ್‌ಗೆ ಬರುವ ಸಬ್‌ಮರ್ಸಿಬಲ್ ಪಂಪ್ ಬಿಚ್ಚಿದರೆ ಒಳಗೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಆ ನೀರಿಗೆ ಉಪ್ಪು ಬೆರೆಸಿದರೆ ಸಮುದ್ರ ಆಗುವುದಿಲ್ಲ. ಆರ್‌ಓ ನೀರೇ ಬೇಕು. ಒಂದು ವಿಷಯ ಗಮನಿಸು. ಮನೆಯ ಕುಡಿಯುವ ನೀರಿನ ಆರ್‌ಓಗಳಲ್ಲಿ ರುಚಿಗಾಗಿ ಸ್ವಲ್ಪ ಸೋಸದ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಟಿಡಿಎಸ್ ಮೀಟರ್ ಇಟ್ಟು ನೋಡಿಯೇ ನೀರು ಹಿಡಿ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ, ಸಾಂದ್ರತೆ 1.025ರ ಹತ್ತಿರ. ಅಡುಗೆ ಉಪ್ಪು ನಡೆಯುವುದಿಲ್ಲ. ಮೀನಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು.

ಬಿಸಿಲಿನ ವಿಷಯದಲ್ಲಿ ನೀನು ಪುಣ್ಯವಂತೆ. ಇಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 42 ಡಿಗ್ರಿ. ಮೀನಿಗೆ ಬೇಕಾದದ್ದು 26ರಿಂದ 28. ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಆಕ್ಸಿಜನ್ ಕಡಿಮೆ. ನಮ್ಮ ಒಣ ಗಾಳಿಯಲ್ಲಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಗೆರೆಯವರೆಗೆ ಸಾದಾ ಆರ್‌ಓ ನೀರು ಸುರಿಯಬೇಕು, ಉಪ್ಪುನೀರಲ್ಲ. ಧಾರವಾಡದ ಮಳೆಗಾಲದಲ್ಲಿ ನಿನಗೆ ಉಲ್ಟಾ, ಹೀಟರ್ ಬೇಕಾಗುತ್ತದೆ. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುವ ಜಿಲ್ಲೆಯಲ್ಲೇ ನಾನು ಇನ್ವರ್ಟರ್ ಇಟ್ಟುಕೊಂಡಿದ್ದೇನೆ. ನೀನೂ ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೋ.

ಸಮುದ್ರ ಹೂವು, ಅದೇ ಹೂವಿನಂತೆ ಕಾಣುವ ಆನಿಮೋನ್ ಅನ್ನುವ ಪ್ರಾಣಿ, ಬೇಡ. ಅದಕ್ಕೆ ಜೋರು ಬೆಳಕು ಬೇಕು, ಹೊಸ ಟ್ಯಾಂಕಿನಲ್ಲಿ ಉಳಿಯುವುದೂ ಕಷ್ಟ. ಸಮುದ್ರದಲ್ಲಿ ಕ್ಲೌನ್‌ಫಿಶ್‌ಗೆ ಅದರ ಆಸರೆ ಬೇಕೇ ಬೇಕು. ತಿನ್ನಲು ಬರುವವರಿಲ್ಲದ ಟ್ಯಾಂಕಿನಲ್ಲಿ ಮಣ್ಣಿನ ಕುಂಡ ಸಾಕು. ಬಣ್ಣ, ಹೊಳಪು ಹಚ್ಚದ್ದನ್ನು ನೋಡಿ ತಗೋ. ಅಂಗಡಿಯವನು ಹವಳದ ಕಲ್ಲು ತೋರಿಸಿದರೆ ಮುಟ್ಟಬೇಡ. ನಮ್ಮ ದೇಶದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಈಗ ನಿನಗೆ ನಿಜವಾಗಿ ಬೇಕಾದ ಕಥೆ.

ಮೊಟ್ಟೆಗೆ ಮುಂಚೆ ಎರಡೂ ಸೇರಿ ಕುಂಡದ ಮೈಯನ್ನು ಬಾಯಿಂದ ಕಚ್ಚಿ ಕಚ್ಚಿ ಸ್ವಚ್ಛ ಮಾಡುತ್ತವೆ. ಹೆಣ್ಣಿನ ಹೊಟ್ಟೆ ದಪ್ಪ ಆಗಿರುತ್ತದೆ. ಆಮೇಲೆ ಹೆಣ್ಣು ಹೊಟ್ಟೆ ಒತ್ತಿಕೊಂಡು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದೆಯೇ ಬಂದು ಫಲಿಸುತ್ತದೆ. ಕೆಲವು ನೂರು ಮೊಟ್ಟೆ. ಮೊದಲು ಕಿತ್ತಳೆ ಬಣ್ಣ. ದಿನ ಕಳೆದಂತೆ ಕಪ್ಪಾಗುತ್ತವೆ, ಕೊನೆಗೆ ಒಳಗಿನ ಮರಿಯ ಕಣ್ಣು ಬೆಳ್ಳಿಯಂತೆ ಹೊಳೆಯುತ್ತದೆ. 27, 28 ಡಿಗ್ರಿಯಲ್ಲಿ ಏಳೆಂಟು ದಿನ. ಅಷ್ಟೂ ದಿನ ಗಂಡಿಗೇ ಹೆಚ್ಚಿನ ಕೆಲಸ. ರೆಕ್ಕೆಯಿಂದ ಗಾಳಿ ಹಾಕುವುದು, ಬಾಯಿಂದ ತೊಳೆಯುವುದು, ಕೆಟ್ಟ ಮೊಟ್ಟೆ ಆರಿಸಿ ತಿನ್ನುವುದು. ಮೊದಮೊದಲ ಸಲ ಎಲ್ಲ ಮೊಟ್ಟೆಯನ್ನೂ ತಿಂದುಬಿಟ್ಟರೆ ಬೇಜಾರಾಗಬೇಡ. ಹೊಸ ಜೋಡಿಗಳಲ್ಲಿ ಅದು ಮಾಮೂಲು. ಸುಮಾರು ಎರಡು ವಾರಕ್ಕೆ ಮತ್ತೆ ಇಡುತ್ತವೆ.

ಕಣ್ಣು ಬೆಳ್ಳಿಯಾದ ದಿನ ಸಂಜೆ ನಾನು ಅಂಗಡಿ ಬೇಗ ಮುಚ್ಚುತ್ತೇನೆ. ಮರಿ ಒಡೆಯುವುದು ಕತ್ತಲಾದ ಮೇಲೆ ಒಂದೆರಡು ಗಂಟೆಯೊಳಗೆ. ಬೆಳಕಿದ್ದರೆ ಒಡೆಯುವುದಿಲ್ಲ. ಮೊಟ್ಟೆ ಅಂಟಿರುವ ಕುಂಡವನ್ನು ನೀರಿನಿಂದ ಹೊರಗೆ ತೆಗೆಯದೆ ಬಕೆಟ್ಟಿನಲ್ಲಿ ಎತ್ತಿ ಬೇರೆ ಟಬ್ಬಿಗೆ ಸಾಗಿಸುತ್ತೇನೆ. ಟಬ್ಬಿನ ನೀರು ಅದೇ ಟ್ಯಾಂಕಿನದ್ದು. ಗಂಡಿನ ರೆಕ್ಕೆಯ ಬದಲು ಏರ್ ಪಂಪಿನ ಗುಳ್ಳೆ ಮೊಟ್ಟೆಗಳ ಪಕ್ಕದಲ್ಲೇ ಹಾಯುವ ಹಾಗೆ ಇಡಬೇಕು. ಗುಳ್ಳೆ ನೇರವಾಗಿ ಮೊಟ್ಟೆಗೆ ಬಡಿಯಬಾರದು. ಮೇಲೆ ಕಪ್ಪು ಬಟ್ಟೆ. ಆ ಹೊತ್ತಿಗೆ ನಿನ್ನ ಅಮ್ಮ ಹಾಲ್‌ನ ಲೈಟನ್ನೂ ಹಾಕಿಸುವುದಿಲ್ಲ, ಸೀರಿಯಲ್ಲನ್ನು ಅಡುಗೆಮನೆಯಲ್ಲಿ ಮೊಬೈಲ್‌ನಲ್ಲಿ ನೋಡುತ್ತಾಳೆ. ಆಮೇಲೆ ಒಂದು ಮೂಲೆಗೆ ಮಂದ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನ ಕಡೆ ಬಂದು ಸೇರುತ್ತವೆ. ಮೂರು ನಾಲ್ಕು ಮಿಲಿಮೀಟರ್. ಮೈ ಕಾಣುವುದೇ ಇಲ್ಲ, ಕಣ್ಣು ಮಾತ್ರ.

ಇಲ್ಲಿಯವರೆಗೆ ಯಾರು ಬೇಕಾದರೂ ಬರಬಹುದು. ಮೀನು ತಾನಾಗಿಯೇ ಮಾಡುವ ಕೆಲಸ ಇದು. ಮರುದಿನ ಬೆಳಿಗ್ಗೆ ಅವುಗಳ ಬಾಯಿಗೆ ಹಿಡಿಸುವ, ಜೀವಂತವಾಗಿ ಓಡಾಡುವ ಊಟ ಟಬ್ಬಿನಲ್ಲಿ ಇರಬೇಕು. ಪುಡಿ ಆಹಾರವನ್ನು ಅವು ಆಹಾರ ಅಂತಲೇ ಗುರುತಿಸುವುದಿಲ್ಲ. ಮೊಟ್ಟೆಯಿಂದ ತಂದ ಹಳದಿ ಬುತ್ತಿ ಬಹಳ ಹೊತ್ತು ಬರುವುದಿಲ್ಲ. ಮೊಟ್ಟೆ ಕಂಡ ಮೇಲೆ ರೋಟಿಫರ್ ಅನ್ನುವ ಆ ಜೀವಂತ ಊಟ ಹುಡುಕಲು ಹೊರಟವನ ಮರಿಗಳು ಉಳಿಯುವುದಿಲ್ಲ.

ರೋಟಿಫರ್ ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟಿರುವ ಜೀವಿ. ಅದಕ್ಕೆ ಊಟ ನ್ಯಾನೋಕ್ಲೋರೋಪ್ಸಿಸ್ ಅನ್ನುವ ಹಸಿರು ಪಾಚಿ. ಅಂದರೆ ಪಾಚಿ ಬೆಳೆಸಬೇಕು, ಪಾಚಿಯಿಂದ ರೋಟಿಫರ್, ರೋಟಿಫರ್‌ನಿಂದ ಮರಿ. ಮೆಟ್ಟಿಲ ಕೆಳಗಿನ ಆ ಹಸಿರು ಬಾಟಲಿಗಳನ್ನು ನೋಡಿ ನೀನು ಮೂಗು ಮುರಿಯುತ್ತಿದ್ದೆಯಲ್ಲ, ಟ್ಯಾಂಕಿಗಿಂತ ನಾನು ಜಾಸ್ತಿ ಹೊತ್ತು ಕಳೆಯುವುದು ಅಲ್ಲೇ. ಹದ ಸಿಕ್ಕರೆ ರೋಟಿಫರ್ ಒಂದೆರಡು ದಿನದಲ್ಲಿ ದುಪ್ಪಟ್ಟಾಗುತ್ತದೆ. ಮೊಸರಿಗೆ ಹೆಪ್ಪು ಉಳಿಸಿದ ಹಾಗೆ, ತೆಗೆದಷ್ಟನ್ನು ತೆಗೆದು ಒಂದು ಪಾಲನ್ನು ಯಾವತ್ತೂ ಉಳಿಸಬೇಕು. ಅದೂ ಎರಡು ಬೇರೆ ಬಕೆಟ್ಟಿನಲ್ಲಿ. ಹಿಂದಿನ ರಾತ್ರಿ ಗಿಜಿಗುಡುತ್ತಿದ್ದ ಬಕೆಟ್ ಬೆಳಿಗ್ಗೆ ನಾರುವ ನೀರಾಗಿರುವುದು ಈ ಕೆಲಸದಲ್ಲಿ ಹೊಸದಲ್ಲ. ಪಾಚಿ ಬಾಟಲಿಗೆ ಹಾಕುವ ನಳಿಕೆ, ಲೋಟ ಬೇರೆ ಇರಲಿ. ಒಂದು ಹನಿ ರೋಟಿಫರ್ ನೀರು ಪಾಚಿಗೆ ಬಿದ್ದರೆ ಅವು ಸಂಖ್ಯೆಯಲ್ಲಿ ಹೆಚ್ಚಿ ಪಾಚಿಯನ್ನೆಲ್ಲ ಖಾಲಿ ಮಾಡುತ್ತವೆ.

ರೋಟಿಫರ್ ಟಬ್ಬಿಗೆ ಹಾಕುವಾಗ 53 ಮೈಕ್ರಾನ್ ಜರಡಿಯಲ್ಲಿ ಸೋಸಿ, ಆ ಹಳೇ ನೀರು ಸೇರದ ಹಾಗೆ ಹಾಕು. ಒಂದು ಮಿಲಿಲೀಟರಿಗೆ ಹತ್ತರ ಆಸುಪಾಸು ಇದ್ದರೆ ಸರಿ. ಡ್ರಾಪರ್‌ನಲ್ಲಿ ನೀರು ಎಳೆದು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳು ಓಡಾಡುವುದು ಕಾಣುತ್ತದೆ. ಟಬ್ಬಿನ ನೀರಿಗೂ ತೆಳ್ಳಗೆ ಪಾಚಿ ಬೆರೆಸು, ಮರಿಗೆ ಊಟ ಕಾಣುವುದೂ ಸುಲಭ, ರೋಟಿಫರ್‌ಗಳೂ ಹಸಿದಿರುವುದಿಲ್ಲ. ಹಸಿದ ರೋಟಿಫರ್ ತಿಂದ ಮರಿಗೆ ಏನೂ ಸಿಗುವುದಿಲ್ಲ. ಟಬ್ಬಿನ ಗೋಡೆ ಕಪ್ಪಗಿರಲಿ, ಬೆಳಕು ಮಂದವಾಗಿ ಮೇಲಿನಿಂದ ಬರಲಿ. ಪಕ್ಕದಿಂದ ಬೆಳಕು ಬಂದರೆ ಮರಿಗಳು ಗೋಡೆಗೆ ತಲೆ ಬಡಿದುಕೊಂಡು ಸಾಯುತ್ತವೆ. ಫಿಲ್ಟರ್ ಹಾಕುವಂತಿಲ್ಲ, ಎಳೆದುಕೊಳ್ಳುತ್ತದೆ. ಕೊಳೆಯಿಂದ ಹುಟ್ಟುವ ವಿಷ, ಅಮೋನಿಯಾ, ಏರದಂತೆ ತೆಳು ನಳಿಕೆಯಲ್ಲಿ ತಳದ ಕೊಳೆ ತೆಗೆದು, ಹನಿಹನಿಯಾಗಿ ಹೊಸ ನೀರು ಬಿಡಬೇಕು. ದಿನಾ. ಹಬ್ಬ, ಮದುವೆ, ಪರೀಕ್ಷೆ ಏನೇ ಇದ್ದರೂ.

ಒಂದು ವಾರ ಕಳೆಯುವಾಗ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಶುರು. ಒಣ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಜೋರು ಗಾಳಿ ಕೊಟ್ಟು ಇಟ್ಟರೆ ಒಂದು ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಕೆಳಗೆ ಬೆಳಕಿಟ್ಟರೆ ಮರಿ ಕೆಳಗೆ ಸೇರುತ್ತದೆ, ಸಿಪ್ಪೆ ಮೇಲೆ ತೇಲುತ್ತದೆ. ಸಿಪ್ಪೆ ಟಬ್ಬಿಗೆ ಹೋಗಬಾರದು, ತಿಂದರೆ ಮೀನಿನ ಮರಿಯ ಕರುಳು ಕಟ್ಟುತ್ತದೆ.

ಹತ್ತು ದಿನದ ಆಸುಪಾಸಿನಲ್ಲಿ ಬಿಳಿ ಪಟ್ಟೆ ಬರುತ್ತದೆ. ಮೊದಲು ತಲೆಯ ಹತ್ತಿರದ್ದು, ಆಮೇಲೆ ನಡುವಿನದ್ದು. ಮೇಲೆ ತೇಲುತ್ತಿದ್ದವು ತಳಕ್ಕೆ, ಗೋಡೆಗೆ ಇಳಿಯುತ್ತವೆ. ನಮ್ಮ ಥೈರಾಯ್ಡ್ ಹಾರ್ಮೋನೇ ಅಲ್ಲೂ ಆ ಬದಲಾವಣೆ ನಡೆಸುತ್ತದಂತೆ. ಅಮ್ಮನ ಮಾತ್ರೆ ನೆನಪಾಗಿ ಇಬ್ಬರೂ ನಕ್ಕೆವು. ಆ ದಿನಗಳಲ್ಲಿ ಮತ್ತೆ ಒಂದಿಷ್ಟು ಸಾಯುತ್ತವೆ. ಅದನ್ನು ದಾಟಿದವು ಗಟ್ಟಿ. ಮನೆಯಲ್ಲಿ ಬೆಳೆದ ಮರಿಗಳಲ್ಲಿ ಪಟ್ಟೆ ಅರ್ಧಕ್ಕೇ ನಿಂತಿರುವವು ಬಹಳ. ಅಂಗಡಿಯವರು ಅವಕ್ಕೆ ದರ ಕಡಿಮೆ ಕೊಡುತ್ತಾರೆ. ನನಗೆ ಅವೇ ಇಷ್ಟ, ಒಂದೊಂದನ್ನೂ ಗುರುತು ಹಿಡಿಯಬಹುದು. ನಿನಗಾಗಿ ಎತ್ತಿಟ್ಟಿರುವುದರ ಬಲಗಡೆಯ ನಡುಪಟ್ಟೆ ಹೊಟ್ಟೆಯವರೆಗೆ ಮುಟ್ಟುವುದಿಲ್ಲ.

ಇದರಲ್ಲಿ ದುಡ್ಡು ಬರುತ್ತಾ ಅಂತ ನಿನ್ನ ಗೆಳತಿ ಕೇಳಿದಳಂತೆ. ಕರೆಂಟು, ಉಪ್ಪು, ಆರ್‌ಓ ಲೆಕ್ಕ ಹಾಕಿದರೆ ಏನೂ ಉಳಿಯುವುದಿಲ್ಲ ಅಂತ ಹೇಳು. ದೊಡ್ಡದಾಗಿ ಮಾಡುವ ಆಸೆ ಇದ್ದರೆ ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಕ್ಲೌನ್‌ಫಿಶ್ ಮರಿ ಮಾಡುವ ವಿಧಾನವನ್ನು ಅವರು ನಮ್ಮ ದೇಶದಲ್ಲೇ ಪಳಗಿಸಿದ್ದಾರೆ. ನನಗೆ ಸಮುದ್ರದಿಂದ ಎರಡು ಮೀನು ಕಡಿಮೆ ಹಿಡಿದರೆ ಸಾಕು.

ನೀನು ಈಗ ಮಾಡಬೇಕಾದದ್ದು ಇಷ್ಟೇ. ಕಟ್ಟೆ ಭಾರ ತಡೆಯುತ್ತದಾ ಅಂತ ಮನೆಯ ಓನರನ್ನು ಕೇಳು. ನೂರು ಲೀಟರ್ ಅಂದರೆ ನೀರೇ ಕ್ವಿಂಟಲ್, ಗಾಜು ಕಲ್ಲು ಬೇರೆ. ಕಿಟಕಿ ಬಿಸಿಲು ನೇರ ಬೀಳುವುದಾದರೆ ಆ ಜಾಗ ಬಿಡು, ಪಾಚಿ ಹಿಡಿಯುತ್ತದೆ. ನೀರು, ಉಪ್ಪು ಹಾಕಿ ಟ್ಯಾಂಕ್ ಓಡಿಸು, ಮೀನು ಬೇಡ, ಚಿಟಿಕೆ ಆಹಾರ ಮಾತ್ರ ಕೊಳೆಯಲಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಫೋಟೋ ಕಳಿಸು. ಅದು ಬರುವವರೆಗೆ ಮರಿ ಇಲ್ಲಿಂದ ಹೊರಡುವುದಿಲ್ಲ.

ದೀಪಾವಳಿಗೆ ಬರುವಾಗ ಥರ್ಮಾಕೋಲ್ ಡಬ್ಬಿ ತಾ. ಹೊರಡುವ ಹಿಂದಿನ ದಿನ ಮರಿಗೆ ಊಟ ಹಾಕುವುದಿಲ್ಲ, ಚೀಲದ ನೀರು ಕೆಡಬಾರದು. ರಾತ್ರಿ ಬಸ್ಸೇ ಒಳ್ಳೆಯದು, ತಂಪಿರುತ್ತದೆ. ಡಬ್ಬಿಯನ್ನು ಡಿಕ್ಕಿಗೆ ಹಾಕಿಸಬೇಡ, ಕಾಲ ಹತ್ತಿರ ಇಟ್ಟುಕೋ. ಮುಂದಕ್ಕೆ ಬೇಕಾಗುವ ಉಪ್ಪಿನ ಚೀಲ ನಾನೇ ಕಟ್ಟಿಕೊಡುತ್ತೇನೆ, ಅಲ್ಲಿ ಮತ್ತೆ ಕೊಳ್ಳಬೇಡ. ಅಮ್ಮ ಶೇಂಗಾ ಹೋಳಿಗೆಗೆ ಬೇರೆ ಚೀಲ ತರಲು ಹೇಳಿದ್ದಾಳೆ.

ನಿನ್ನ
ಅಪ್ಪ