ಬರ್ಲಿನ್ ಆಮೇಲೆ, ಮೊದಲು ಮೈನಿಂಗನ್

ಪ್ರೀತಿಯ ಪುಟ್ಟಿ,

ಜರ್ಮನಿಯ ನಿನ್ನ ಶ್ಮಾಲ್ಕಾಲ್ಡನ್‌ನಲ್ಲಿ ಓದು ಬಿಟ್ಟರೆ ಏನೂ ಇಲ್ಲ, ಒಳ್ಳೆ ಸಂಗೀತ ಬೇಕಂದ್ರೆ ಬರ್ಲಿನ್‌ಗೇ ಹೋಗಬೇಕು ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ನಾನು ಒಪ್ಪಲ್ಲ. ಪಕ್ಕದಲ್ಲೇ ಮೈನಿಂಗನ್ ಇದೆ. ಸುಮಾರು 25 ಸಾವಿರ ಜನರ ಊರು. ಅದಕ್ಕೆ ತನ್ನದೇ ಆರ್ಕೆಸ್ಟ್ರಾ ಇದೆ, ಅದೂ 1690ರಿಂದ. ನಮ್ಮ ಕಡೆ ಅಷ್ಟು ಚಿಕ್ಕ ಊರಿನಲ್ಲಿ ತಿಂಗಳ ಸಂಬಳದ ವಾದ್ಯಗಾರರ ತಂಡ ಎಲ್ಲಿದೆ ಹೇಳು.

ದೊಡ್ಡ ಸಂಗೀತ ರಚನೆಕಾರ ಬ್ರಾಮ್ಸ್ ತಮ್ಮ ನಾಲ್ಕನೇ ಸಿಂಫನಿಯನ್ನು, ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿಯನ್ನು, ಮೊದಲ ಸಲ ಜನರ ಮುಂದೆ ಇಟ್ಟಿದ್ದು ತಾವಿದ್ದ ವಿಯೆನ್ನಾದಲ್ಲಲ್ಲ, ಮೈನಿಂಗನ್‌ನಲ್ಲಿ. 1885ರ ಅಕ್ಟೋಬರ್‌ನಲ್ಲಿ. ಆರ್ಕೆಸ್ಟ್ರಾ ನಡೆಸುತ್ತಿದ್ದ ಹಾನ್ಸ್ ಫಾನ್ ಬ್ಯೂಲೋ ಆ ತಂಡವನ್ನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು. ವಾದ್ಯಗಾರರು ಪುಸ್ತಕ ನೋಡದೆ, ನಿಂತುಕೊಂಡೇ ನುಡಿಸುತ್ತಿದ್ದರಂತೆ.

ನನಗೆ ಇನ್ನೂ ಇಷ್ಟವಾದದ್ದು ಮ್ಯೂಲ್‌ಫೆಲ್ಡ್ ಕಥೆ. ಅದೇ ಆರ್ಕೆಸ್ಟ್ರಾದಲ್ಲಿ ಮೊದಲು ಪಿಟೀಲು ನುಡಿಸುತ್ತಿದ್ದವರು, ಆಮೇಲೆ ಕ್ಲಾರಿನೆಟ್ ಅನ್ನೋ ಊದುವ ವಾದ್ಯ ಹಿಡಿದರು. ಬ್ರಾಮ್ಸ್ ಆಗ ಹೊಸದಾಗಿ ಬರೆಯುವುದು ಸಾಕು ಅಂತ ತೀರ್ಮಾನ ಮಾಡಿಬಿಟ್ಟಿದ್ದರು. 1891ರಲ್ಲಿ ಮೈನಿಂಗನ್‌ಗೆ ಬಂದು ಇವರು ನುಡಿಸುವುದನ್ನು ಕೇಳಿದರು. ಆ ಬೇಸಿಗೆಯಲ್ಲೇ ಕ್ಲಾರಿನೆಟ್‌ಗಾಗಿ ಒಂದು ಟ್ರಯೋ (ಮೂವರು ನುಡಿಸುವ ಕೃತಿ), ಒಂದು ಕ್ವಿಂಟೆಟ್ (ಐವರದ್ದು) ಬರೆದರು. ಆ ಕ್ವಿಂಟೆಟ್ ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಸಣ್ಣ ಊರಿನ ಒಬ್ಬ ವಾದ್ಯಗಾರ ಇಲ್ಲದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

ಮೈಸೂರಿನವಳಾದ ನೀನು ಇದನ್ನೂ ತಿಳಿದಿರಬೇಕು. 1885ರಲ್ಲಿ ಬ್ಯೂಲೋ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಹುಡುಗ ರಿಚರ್ಡ್ ಸ್ಟ್ರಾಸ್, ಮುಂದೆ ದೊಡ್ಡ ಸಂಗೀತ ರಚನೆಕಾರರಾದವರು. ಸ್ಟ್ರಾಸ್ ತೀರಿಕೊಂಡ ಮೇಲೆ, 1950ರಲ್ಲಿ, ಅವರ ಕೊನೆಯ ನಾಲ್ಕು ಹಾಡುಗಳನ್ನು ಲಂಡನ್‌ನಲ್ಲಿ ಮೊದಲ ಬಾರಿಗೆ ಹಾಡಿದರು. ಆ ಕಛೇರಿಯ ಖರ್ಚಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು.

ಇನ್ನು ನಿನ್ನ ಬರ್ಲಿನ್. ಅಲ್ಲಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಗೆ 2019ರಿಂದ ಮುಖ್ಯ ನಿರ್ದೇಶಕರಾಗಿರುವ ಕಿರಿಲ್ ಪೆಟ್ರೆಂಕೋ, 1999ರಿಂದ 2002ರವರೆಗೆ ಇದ್ದದ್ದು ಇದೇ ಮೈನಿಂಗನ್‌ನಲ್ಲಿ. 2001ರಲ್ಲಿ ರಚನೆಕಾರ ವಾಗ್ನರ್‌ನ ‘ರಿಂಗ್’ ಅನ್ನೋ ಸರಣಿಯ ನಾಲ್ಕೂ ಆಪೆರಾಗಳನ್ನು (ಹಾಡಿನ ನಾಟಕಗಳನ್ನು) ಸಾಲಾಗಿ ನಾಲ್ಕು ದಿನ ಮಾಡಿಸಿದರು. ಆಗ ಟಿಕೆಟ್ ತೆಗೆದುಕೊಂಡ ಊರಿನವರ ಭಾಗ್ಯ ನೋಡು.

ಹೋದ ವರ್ಷ ನಾನು ಬಂದಾಗ ಇಬ್ಬರೂ ಮೈನಿಂಗನ್ ಕಛೇರಿಗೆ ಹೋಗಿದ್ದೆವಲ್ಲ. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಪಿಟೀಲಿನ ಸಣ್ಣ ದನಿಯೂ ಹಿಂದಿನ ಸಾಲಿಗೆ ಬರುತ್ತಿತ್ತು. ವಿರಾಮದಲ್ಲಿ ವಯಸ್ಸಾದವರು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದ ರೀತಿ ನೋಡಿದರೆ, ವರ್ಷಗಳಿಂದ ಬರುತ್ತಿದ್ದಾರೆ ಅನ್ನಿಸಿತು. ನಮ್ಮ ರಾಮನವಮಿ ಪೆಂಡಾಲಿನಲ್ಲಿ ಕೂರುವ ಹಿರಿಯರ ಹಾಗೇ. ಕೃತಿಯ ಒಂದು ಭಾಗ ಮುಗಿದ ತಕ್ಷಣ ಚಪ್ಪಾಳೆ ಹೊಡೆಯದೆ ಕೂರುವುದು ನನಗೆ ಕಷ್ಟವಾಯಿತು. ಭಲೇ ಅಂದು ಅಭ್ಯಾಸವಾದ ಬಾಯಿ. ಆದರೂ ಆ ಮೌನದಲ್ಲಿ ಕಿವಿ ಎಷ್ಟು ಚುರುಕಾಗುತ್ತದೆ!

ಇದೆಲ್ಲ ನಡೆಯುವುದು ಜಾಸ್ತಿ ಸರ್ಕಾರದ ದುಡ್ಡಿನಿಂದ. ಟಿಕೆಟ್ ಹಣ ಒಂದರಿಂದಲೇ ಆರ್ಕೆಸ್ಟ್ರಾ ಸಾಕಲು ಆಗುವುದಿಲ್ಲ. ಆ ಸಭಾಂಗಣದಲ್ಲಿ ಜನ ಕೂತರೆ ತಾನೇ ಮುಂದೆಯೂ ಯಾರಾದರೂ ದುಡ್ಡು ಕೊಟ್ಟಾರು? ನಿನ್ನಂಥ ಹುಡುಗರು ಹೋಗಬೇಕು ಕಣೇ. ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇದೆ.

ಮುಂದಿನ ಸಿಂಫನಿ ಕಛೇರಿಗೆ ಟಿಕೆಟ್ ತೆಗೆದುಕೋ. ರೂಮಿನ ಗೆಳತಿಯನ್ನೂ ಕರೆದುಕೊಂಡು ಹೋಗು. ರಾತ್ರಿ ವಾಪಸ್ ರೈಲು ಎಷ್ಟು ಹೊತ್ತಿಗಿದೆ ಅಂತ ಮೊದಲೇ ನೋಡಿಕೋ. ಏನು ನುಡಿಸುತ್ತಾರೆ ಅಂತ ಮೆಸೇಜ್ ಹಾಕು, ನಾನೂ ಇಲ್ಲಿ ಹುಡುಕಿ ಕೇಳುತ್ತೇನೆ.

ನಿನ್ನ
ಅಮ್ಮ