ಚಿಲಕ ಹಾಕಿಕೊಂಡ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಕೋಣೆಯ ಚಿಲಕ ಹಾಕಿಕೊಂಡು ಮಲಗಿದೆ. "ನಾ ಮಲಗಿದಾಗ ಎದಿ ಯಾಕ ನೋಡ್ತಿ ಅವ್ವಾ, ಹೆದರಿಕಿ ಆಗ್ತದ" ಅಂದೆ. ಎದುರಿಗೆ ಕೂತು ಹೇಳಲು ಹೋದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

2018ರ ಜುಲೈ. ನಿನಗೆ ಆಗ ಐದು ವರ್ಷ. ಜಿಟಿಜಿಟಿ ಮಳೆ ಹಿಡಿದಿತ್ತು. ಕೆಮ್ಮು, ಜ್ವರ ಅಂತ ಶುರುವಾದದ್ದು ನ್ಯುಮೋನಿಯಾ ಆಯಿತು. ಬೈಲಹೊಂಗಲದಿಂದ ಬೆಳಗಾವಿಗೆ ಬರುವಾಗ ನಿನ್ನ ತುಟಿ ನೀಲಿಯಾಗಿದ್ದವು. ಆಂಬುಲೆನ್ಸ್ ಹುಡುಗ ದಾರಿಯುದ್ದಕ್ಕೂ ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟ. ಆಮೇಲೆ ಎಷ್ಟೋ ದಿನಕ್ಕೆ ಓದಿದೆ: 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರ ಸಾಲದೆ, ಡಾಕ್ಟರಿಕೆ ಓದುವ ಹುಡುಗರು ಪಾಳಿ ಹಚ್ಚಿಕೊಂಡು ಹೀಗೇ ಚೀಲ ಒತ್ತಿದರಂತೆ. ಅಲ್ಲಿ ಹಾಗೆ ಮೊದಲು ಬದುಕಿ ಉಳಿದವಳು 12 ವರ್ಷದ ಹುಡುಗಿ. ಈಗಿನ ನಿನ್ನ ವಯಸ್ಸು.

ಅದೇ ರಾತ್ರಿ ನಿನ್ನ ಬಾಯೊಳಗೆ ಪೈಪ್ ಇಳಿಸಿ ವೆಂಟಿಲೇಟರ್ ಹಚ್ಚಿದರು. ಹಚ್ಚಲು ಕೆಲವೇ ನಿಮಿಷ ಸಾಕಾಯಿತು. ತೆಗೆಯುವುದೂ ಹಾಗೇ ಇರಬೇಕು, ಸ್ವಿಚ್ ಆರಿಸಿದರೆ ಮುಗೀತು ಅಂದುಕೊಂಡಿದ್ದೆ. ದಿನಾ ಡಾಕ್ಟರನ್ನು ಕಾಡುತ್ತಿದ್ದೆ, "ಯಾವಾಗ ತೆಗೀತೀರಿ?" ಅಂತ. ಅವರು ಯಂತ್ರ ಕೊಡುವ ಗಾಳಿಯಲ್ಲಿ ಆಕ್ಸಿಜನ್ ಅನ್ನು ಶೇಕಡಾ 60ರಿಂದ 50ಕ್ಕೆ, ಆಮೇಲೆ 40ಕ್ಕೆ ಇಳಿಸಿದರು. ನಿದ್ದೆಯ ಔಷಧಿಯನ್ನೂ ಕಡಿಮೆ ಮಾಡುತ್ತ ಬಂದರು. ಮತ್ತಿನಲ್ಲಿರುವ ಮಗು ತಾನಾಗಿ ಸರಿಯಾಗಿ ಉಸಿರೆಳೆಯುವುದಿಲ್ಲ, ಅದಕ್ಕೆ.

ಐದನೇ ದಿನ ಒಂದು ಪರೀಕ್ಷೆ. ಪೈಪ್ ಅಲ್ಲೇ ಇರುತ್ತದೆ. ಯಂತ್ರದ ಆಸರೆ ತೀರಾ ಕಡಿಮೆ ಮಾಡಿ, ಮಗು ತಾನೇ ಎಷ್ಟು ಹೊತ್ತು ಉಸಿರಾಡುತ್ತದೆ ಅಂತ ನೋಡುತ್ತಾರೆ. ಅರ್ಧ ಗಂಟೆಯಾದರೂ ತಡೆಯಬೇಕು. ನೀನು ಹತ್ತು ನಿಮಿಷ ತಡೆದೆ. ಆಮೇಲೆ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯತೊಡಗಿತು. ಮೂಗಿನ ಹೊಳ್ಳೆ ಅರಳಿದವು, ಹಣೆ ಬೆವರಿತು. ನಿಮಿಷಕ್ಕೆ 50 ಉಸಿರು. ಯಂತ್ರವನ್ನು ಮತ್ತೆ ಮೊದಲಿನ ಹಾಗೆ ಮಾಡಿದರು. ನಾನು ಹೊರಗೆ ಬಂದು ಗೋಡೆ ಹಿಡಿದು ಅತ್ತೆ.

ಅಲ್ಲಿಂದ ನನ್ನ ಮಾತೇ ಉಲ್ಟಾ ಆಯಿತು. "ಪೂರ್ತಿ ಆರಾಮ ಆಗೋತನಕ ತೆಗೀಬ್ಯಾಡ್ರಿ" ಅಂತ ಕೈ ಮುಗಿದೆ. ಡಾಕ್ಟರ್ ಅದಕ್ಕೂ ಒಪ್ಪಲಿಲ್ಲ. ಯಂತ್ರದ ಮೇಲೆ ಜಾಸ್ತಿ ದಿನ ಇದ್ದಷ್ಟೂ ಉಸಿರೆಳೆಯುವ ಸ್ನಾಯು ಸೊರಗುತ್ತದೆ, ಎದೆಗೆ ಹೊಸ ಸೋಂಕು ತಗಲಬಹುದು. ಅವಸರ ಮಾಡಿ ತೆಗೆದರೆ ಮತ್ತೆ ಪೈಪ್ ಹಾಕಬೇಕಾದೀತು, ಅದೂ ಅಪಾಯ. "ಅದಕ್ಕ ದಿನಾ ಮುಂಜಾನೆ ನೋಡ್ತೀವ್ರಿ, ಇವತ್ತ ತಯಾರ ಅದಾಳೇನು ಅಂತ" ಅಂದರು. ನಿನ್ನೆ ಸೋತಿದ್ದು ಲೆಕ್ಕಕ್ಕಿಲ್ಲ, ಇವತ್ತು ಹೊಸದಾಗಿ ಕೇಳುತ್ತಾರೆ. ಆ ಮಾತು ಹಿಡಿದುಕೊಂಡೇ ನಾನು ಎರಡು ರಾತ್ರಿ ಕಳೆದೆ. ನಿನ್ನ ಅಜ್ಜಿ ಸವದತ್ತಿ ಯಲ್ಲಮ್ಮನ ಭಂಡಾರದ ಪೊಟ್ಟಣ ಹಿಡಿದು ಐಸಿಯು ಬಾಗಿಲಲ್ಲೇ ಕೂತಿದ್ದಳು.

ಏಳನೇ ದಿನ ಎರಡು ಗಂಟೆ ಉಸಿರಾಡಿದೆ. ನಿಮಿಷಕ್ಕೆ 26. ಗಂಟಲು ಬಾತುಕೊಳ್ಳಬಾರದು ಅಂತ ಹಿಂದಿನ ದಿನದಿಂದಲೇ ಸ್ಟೀರಾಯ್ಡ್ ಕೊಟ್ಟಿದ್ದರು. ಮೂಗಿನ ನಳಿಕೆಯ ಹಾಲು ಬೆಳಗಿನಿಂದ ಬಂದ್. ನನ್ನನ್ನು ಒಳಗೆ ಬಿಟ್ಟರು. ಸಿಸ್ಟರ್ ಕಫ ತೆಗೆದು, ಕೆನ್ನೆಯ ಟೇಪನ್ನು ಒದ್ದೆ ಹತ್ತಿಯಿಂದ ನೆನೆಸಿ ನೆನೆಸಿ ಬಿಡಿಸಿದಳು. ಅಡಿಯ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಪೈಪ್ ಹೊರಗೆ ಬಂತು. ನೀನು ಕೆಮ್ಮಿದೆ. ಬಾಯಿ ಅಗಲಿಸಿ ಅತ್ತೆ, ಸದ್ದೇ ಬರಲಿಲ್ಲ. ಉಸಿರು ಎಳೆದಾಗ ಮಾತ್ರ ಗರಗಸ ಎಳೆದ ಹಾಗೆ ಸಪ್ಪಳ. ಮಕ್ಕಳ ಉಸಿರಿನ ದಾರಿ ಸಣ್ಣದು, ಸ್ವಲ್ಪ ಬಾವು ಬಂದರೂ ಇಕ್ಕಟ್ಟಾಗುತ್ತದೆ. ತಕ್ಷಣ ಬಾವು ಇಳಿಸುವ ಅಡ್ರಿನಲಿನ್ ಔಷಧಿ ಹಾಕಿ ನೆಬ್ಯುಲೈಸರ್ ಹಿಡಿದರು, ಮೂಗಿಗೆ ಜೋರಾಗಿ ಆಕ್ಸಿಜನ್ ಬಿಟ್ಟರು. ಸಪ್ಪಳ ಇಳಿಯುವವರೆಗೆ ನಿನ್ನ ಎದೆ ಬಿಟ್ಟು ಬೇರೆ ಏನನ್ನೂ ನಾನು ನೋಡಲಿಲ್ಲ. ಏಳುತ್ತದಾ, ಇಳಿಯುತ್ತದಾ, ಅಷ್ಟೇ.

ಮುಂದಿನ ಎರಡು ದಿನ ನೀನು ನಡುಗಿದೆ, ಬೆವರಿದೆ, ನಿದ್ದೆ ಮಾಡದೆ ಚೀರಿದೆ. ನಿದ್ದೆಯ ಔಷಧಿಗೆ ಒಗ್ಗಿದ ಮೈ ಅದನ್ನು ಬಿಡುವಾಗ ಹೀಗಾಗುತ್ತದಂತೆ. ಅದನ್ನೂ ಸ್ವಲ್ಪ ಸ್ವಲ್ಪವಾಗಿಯೇ ಬಿಡಿಸಿದರು. ನಿನ್ನ ಮೊದಲ ಮಾತು ನನಗೆ ಕೇಳಿಸಲೇ ಇಲ್ಲ. ತುಟಿ ನೋಡಿ ತಿಳಿದುಕೊಂಡೆ, "ನೀರು". ನುಂಗಲು ಬರುತ್ತದಾ ಅಂತ ನೋಡಿ, ಆಮೇಲೆ ಒಂದು ಚಮಚ ಕುಡಿಸಲು ಬಿಟ್ಟರು. ಗುಟಕ್ ಅಂದದ್ದು ಇನ್ನೂ ಕಿವಿಯಲ್ಲಿದೆ.

ಆಗ ಹತ್ತಿದ ಚಟ ಇದು, ಪುಟ್ಟಿ. ರಾತ್ರಿ ಎಚ್ಚರವಾದರೆ ಕಾಲು ತಾನಾಗಿ ನಿನ್ನ ಕೋಣೆ ಕಡೆ ನಡೆಯುತ್ತದೆ. ನೀನು ದೊಡ್ಡವಳಾದೆ, ಒಪ್ಪುತ್ತೇನೆ. ಇನ್ನು ಒಳಗೆ ಬರುವುದಿಲ್ಲ, ಹೊರಗೇ ನಿಂತು ಕೇಳಿಸಿಕೊಳ್ಳುತ್ತೇನೆ. ಬಾಗಿಲು ಬೇಕಾದರೆ ಮುಚ್ಚಿಕೋ. ಚಿಲಕ ಮಾತ್ರ ಹಾಕಬೇಡ.

ನಿನ್ನ ಅವ್ವ