ರಿಪೇರಿ ಹಕ್ಕಿನ ಜೊತೆ ಸಾಫ್ಟ್‌ವೇರ್ ಬೀಗದ ಕೈಯನ್ನೂ ಕೊಡಿಸಿ: ಸಚಿವ ಪ್ರಲ್ಹಾದ ಜೋಶಿ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಾದ ಪ್ರಲ್ಹಾದ ಜೋಶಿ ಅವರಿಗೆ,

ನಮಸ್ಕಾರ.

ನಿಮ್ಮ ಬಳಿ ಗ್ರಾಹಕ ವ್ಯವಹಾರ ಖಾತೆಯೂ ಇದೆ, ನವೀಕರಿಸಬಹುದಾದ ಇಂಧನ ಖಾತೆಯೂ ಇದೆ. ಮೊಬೈಲ್ ರಿಪೇರಿ ಹಕ್ಕಿನ, ಅಂದರೆ ಕೊಂಡ ವಸ್ತುವನ್ನು ನಮಗೆ ಬೇಕಾದವರ ಹತ್ತಿರ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಫೈಲು ಮೊದಲನೆಯದರಲ್ಲಿದೆ, ಮನೆ ಮೇಲಿನ ಸೋಲಾರ್ ಫೈಲು ಎರಡನೆಯದರಲ್ಲಿ. ದಿಲ್ಲಿಯಲ್ಲಿ ಈ ಎರಡು ಫೈಲುಗಳು ಒಂದೇ ಮೇಜಿನ ಮೇಲೆ ಕೂಡಿ ಬಂದದ್ದು ಕಡಿಮೆ ಇರಬಹುದು. ಆದರೆ ನಿಮ್ಮ ಧಾರವಾಡ ಕ್ಷೇತ್ರದ ಮತದಾರನಾಗಿ, ಫೋನು, ಸೋಲಾರ್ ಎರಡನ್ನೂ ದುಡ್ಡು ಕೊಟ್ಟು ತಂದವನಾಗಿ ನನಗೆ ಎರಡರಲ್ಲೂ ಕಾಣುವ ತಕರಾರು ಒಂದೇ. ವಸ್ತು ನನ್ನದು, ಒಳಗಿನ ಸಾಫ್ಟ್‌ವೇರ್ ಮಾತ್ರ ಇವತ್ತಿಗೂ ಕಂಪನಿಯ ಮಾತನ್ನೇ ಕೇಳುತ್ತದೆ.

ನಿಮ್ಮ ಇಲಾಖೆ ಏನೂ ಮಾಡಿಲ್ಲ ಅಂತ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ರಿಪೇರಿ ಹಕ್ಕಿನ ಬಗ್ಗೆ 2022ರ ಜುಲೈನಲ್ಲೇ ಸಮಿತಿ ಆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್, ಮನೆಬಳಕೆ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ ಗುರುತಿಸಿದರು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಪೋರ್ಟಲ್ ಬಂತು. ನೀವು ಸಚಿವರಾದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ರಿಪೇರಿ ಸೂಚ್ಯಂಕಕ್ಕೆಂದು ಇನ್ನೊಂದು ಸಮಿತಿ ಮಾಡಿದಿರಿ. 2025ರ ಮೇ ತಿಂಗಳಲ್ಲಿ ಅದರ ವರದಿಯೂ ಬಂತು. ಫ್ರಿಜ್ ಮೇಲಿನ ಸ್ಟಾರ್ ನೋಡಿ ಕೊಳ್ಳುವ ಹಾಗೆ, ಫೋನ್ ಕೊಳ್ಳುವಾಗಲೂ ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಅಂತ ಒಂದು ಅಂಕ ನೋಡುವಂತಾಗಬೇಕು ಅನ್ನುವುದು ಅದರ ಶಿಫಾರಸು. ಬಿಚ್ಚುವುದು ಎಷ್ಟು ಸಲೀಸು, ಮಾಹಿತಿ ಸಿಗುತ್ತದೆಯಾ, ಬಿಡಿಭಾಗ ಬೇಗ ಬರುತ್ತದೆಯಾ, ಯಾವ ಸ್ಕ್ರೂ, ಯಾವ ಟೂಲ್, ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ, ಇವೆಲ್ಲ ಸೇರಿ ಅಂಕ. ಒಳ್ಳೆಯ ಯೋಚನೆ, ಅನುಮಾನವೇ ಇಲ್ಲ.

ಕಸಿವಿಸಿ ಇರುವುದು ಎರಡು ಕಡೆ. ಈ ಅಂಕವನ್ನು ಕಂಪನಿಗಳೇ ಲೆಕ್ಕ ಹಾಕಿ ಘೋಷಿಸಿಕೊಳ್ಳಬೇಕು ಅಂತಿದೆ. ಪರೀಕ್ಷೆ ಬರೆದ ಹುಡುಗನೇ ಪೇಪರ್ ತಿದ್ದಿಕೊಂಡರೆ ಯಾರು ಫೇಲ್ ಆಗುತ್ತಾರೆ ಹೇಳಿ? ಇನ್ನೊಂದು, ವರದಿಯಲ್ಲಿ ಸಾಫ್ಟ್‌ವೇರ್ ಅಂದರೆ ಅಪ್‌ಡೇಟ್ ಅಷ್ಟೇ. ಈಗಿನ ರಿಪೇರಿ ನಿಲ್ಲುವುದು ಸ್ಕ್ರೂ ಬಿಚ್ಚಲಾಗದೆ ಅಲ್ಲ. ಬಿಚ್ಚಿ, ಸರಿ ಮಾಡಿ, ಮುಚ್ಚಿದ ಮೇಲೆ ಫೋನ್ ಒಪ್ಪುವುದಿಲ್ಲ, ಅಲ್ಲಿಗೆ ನಿಲ್ಲುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಸುತ್ತಮುತ್ತ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಹುಡುಗ ಹಾಟ್ ಏರ್ ಗನ್ನಿನಿಂದ ಅಂಚು ಬಿಸಿ ಮಾಡುತ್ತಾನೆ. ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಡಿಸ್ಪ್ಲೇ ಎಬ್ಬಿಸುತ್ತಾನೆ. ಗೋಧಿ ಕಾಳಿಗಿಂತ ಸಣ್ಣ ಕನೆಕ್ಟರನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಬೆಸುಗೆ ಹಾಕುತ್ತಾನೆ. ಕೈಯಲ್ಲಿ ಅಷ್ಟು ಕಸುಬು ಇದೆ. ಅದೇ ಮಾಡೆಲ್‌ನ ಇನ್ನೊಂದು ಸತ್ತ ಫೋನಿಂದ ತೆಗೆದ ಕಾಂಬೊ, ಅಂದರೆ ಗಾಜು ಸಮೇತದ ಡಿಸ್ಪ್ಲೇ ಕೂರಿಸುತ್ತಾನೆ. ಕಾಪಿ ಅಲ್ಲ, ಕಂಪನಿಯದೇ ಮಾಲು. ಆನ್ ಮಾಡಿದರೆ ಪರದೆ ಮೇಲೆ ಎಚ್ಚರಿಕೆ ಬರುತ್ತದೆ, ಇದು ಅಪರಿಚಿತ ಬಿಡಿಭಾಗ ಅಂತ. "ಕಾಂಬೊ ಒರಿಜಿನಲ್ ಐತ್ರೀ ಸರ್, ಫೋನ್ ಒಪ್ಕೊಳ್ಳವಲ್ದು" ಅಂತಾನೆ ಹುಡುಗ.

ಇದಕ್ಕೆ ಕಾರಣ ಸರಳ. ಡಿಸ್ಪ್ಲೇ, ಬ್ಯಾಟರಿ, ಕ್ಯಾಮೆರಾ ಒಂದೊಂದಕ್ಕೂ ಸೀರಿಯಲ್ ನಂಬರ್ ಇರುತ್ತದೆ. ಫ್ಯಾಕ್ಟರಿಯಲ್ಲಿ ಅದನ್ನು ಮೇನ್ ಬೋರ್ಡ್ ಜೊತೆ ಜೋಡಿ ಮಾಡಿರುತ್ತಾರೆ. ನಂಬರ್ ತಾಳೆ ಆಗದಿದ್ದರೆ ಸಾಫ್ಟ್‌ವೇರ್ ತಕರಾರು ತೆಗೆಯುತ್ತದೆ. ಕೆಲವು ಫೋನ್‌ಗಳಲ್ಲಿ ಬರೀ ಎಚ್ಚರಿಕೆ, ಕೆಲವದರಲ್ಲಿ ಕೆಲಸವೇ ಬಂದ್. 2021ರಲ್ಲಿ ಐಫೋನ್ 13 ಬಂದಾಗ ಹೊರಗಡೆ ಪರದೆ ಬದಲಿಸಿದರೆ ಮುಖ ನೋಡಿ ಅನ್‌ಲಾಕ್ ಆಗುವ ಸೌಲಭ್ಯವೇ ನಿಲ್ಲುತ್ತಿತ್ತು. ಗಲಾಟೆ ಆದ ಮೇಲೆ ಆಪಲ್ ಅದನ್ನು ಸರಿಪಡಿಸಿತು. ಸಾಫ್ಟ್‌ವೇರಿನಲ್ಲಿ ಹಾಕಿದ ಬೀಗ ಸಾಫ್ಟ್‌ವೇರಿನಲ್ಲೇ ತೆಗೆಯಲು ಬಂತು, ನೋಡಿ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ತಂದ ರಿಪೇರಿ ಕಾನೂನಿನಲ್ಲಿ, ಹೀಗೆ ಜೋಡಿ ಕಟ್ಟಿ ಬೇರೆಯವರ ರಿಪೇರಿ ತಡೆಯುವುದನ್ನೇ ನಿಷೇಧಿಸಿದೆ. ನಿಮ್ಮ ಸೂಚ್ಯಂಕದಲ್ಲಿ ಇಂಥ ಬೀಗ ಇರುವ ಫೋನ್‌ಗೆ ಅಂಕ ಕತ್ತರಿಸುತ್ತೀರಾ? ಕತ್ತರಿಸದಿದ್ದರೆ, ಸುಲಭವಾಗಿ ಬಿಚ್ಚಬಹುದಾದ ಆದರೆ ಕಂಪನಿ ಬಿಟ್ಟು ಬೇರೆ ಯಾರೂ ಸರಿಮಾಡಲಾಗದ ಫೋನ್‌ಗೆ ಒಳ್ಳೆ ಅಂಕ ಸಿಗುತ್ತದೆ.

ಐರೋಪ್ಯ ಒಕ್ಕೂಟದ ಹೊಸ ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ಒಂದು ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು, ಮುಖ್ಯ ಬಿಡಿಭಾಗಗಳು 7 ವರ್ಷ ಸಿಗಬೇಕು. ಬಿಡಿಭಾಗ ಬದಲಿಸಲು ಬೇಕಾದ ಸಾಫ್ಟ್‌ವೇರನ್ನು ಹೊರಗಿನ ರಿಪೇರಿಯವರಿಗೂ ಭೇದ ಮಾಡದೆ ಕೊಡಬೇಕು. ದೇವನಹಳ್ಳಿಯಲ್ಲಿ ಈಗ ಐಫೋನ್ ತಯಾರಾಗುತ್ತದೆ. ಅಲ್ಲಿ ಜೋಡಿಸಿದ ಫೋನ್ ಜರ್ಮನಿಗೆ ಹೋದರೆ ಈ ರಕ್ಷಣೆ ಇರುತ್ತದೆ. ಧಾರವಾಡಕ್ಕೆ ಬಂದರೆ ಇಲ್ಲ. ಹೀಗೆ ಏಕೆ ಅಂತ ಕೇಳಿದರೆ ಕಂಪನಿಗಳು ಕೊಡಬಹುದಾದ ಪ್ರಾಮಾಣಿಕ ಉತ್ತರ ಒಂದೇ: ನೀವು ಕೇಳಲಿಲ್ಲ.

ಅಪ್‌ಡೇಟ್ ನಿಂತ ಮೇಲಿನ ಕಥೆ ಬೇರೆ. ನಮ್ಮ ಮನೆಗಳಲ್ಲಿ ಫೋನ್ ಬೇಗ ಸಾಯುವುದಿಲ್ಲ, ಕೈ ಬದಲಾಗುತ್ತದೆ. ಮಗ ಹೊಸದು ತಗೊಂಡರೆ ಹಳೆಯದು ಅವ್ವನಿಗೆ. ಅವ್ವನ ಕೈಗೆ ಬರುವ ಹೊತ್ತಿಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿರುತ್ತದೆ. ಆಮೇಲೆ ಒಂದು ದಿನ ಬ್ಯಾಂಕಿನ ಆ್ಯಪ್, ನಿಮ್ಮ ಆಂಡ್ರಾಯ್ಡ್ ಹಳೆಯದು ಅನ್ನುತ್ತದೆ. ಫೋನ್‌ನ ಮೈಗೆ ಏನೂ ಆಗಿರುವುದಿಲ್ಲ. ಜಗತ್ತಿನಾದ್ಯಂತ ಸ್ವಯಂಸೇವಕರು ಲಿನಿಯೇಜ್ ಓಎಸ್‌ನಂಥ ಮುಕ್ತ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕಟ್ಟಿ, ಹಳೆಯ ಫೋನ್‌ಗಳಿಗೂ ಹೊಸ ಆಂಡ್ರಾಯ್ಡ್ ಕೊಡುತ್ತಿದ್ದಾರೆ, ಪುಕ್ಕಟೆ. ಅದನ್ನು ಹಾಕಬೇಕಾದರೆ ಬೂಟ್‌ಲೋಡರ್ ತೆರೆಯಬೇಕು. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವ ಸಣ್ಣ ಪ್ರೋಗ್ರಾಂ ಅದು, ಕಂಪನಿಯ ಸಹಿ ಇಲ್ಲದ ಸಿಸ್ಟಂ ಅನ್ನು ಒಳಗೆ ಬಿಡುವುದಿಲ್ಲ. ಕೆಲವು ಕಂಪನಿಗಳು ಇದರ ಬೀಗ ತೆಗೆಯಲು ಬಿಡುತ್ತವೆ, ಕೆಲವು ಸತಾಯಿಸುತ್ತವೆ, ಕೆಲವು ಬಿಡುವುದೇ ಇಲ್ಲ. ಮಾರಾಟ ನಡೆಯುತ್ತಿರುವಾಗ ಬೀಗ ಬೇಕು ಅನ್ನುವ ವಾದವನ್ನು ಒಪ್ಪೋಣ. ಆದರೆ ನಾವು ಇನ್ನು ಅಪ್‌ಡೇಟ್ ಕೊಡುವುದಿಲ್ಲ ಅಂತ ಕಂಪನಿಯೇ ಕೈ ತೊಳೆದುಕೊಂಡ ಮೇಲೂ ಬೀಗದ ಕೈ ಅವರ ಜೇಬಲ್ಲೇ ಇರಬೇಕಾ? ಅಪ್‌ಡೇಟ್ ನಿಂತ ದಿನವೇ ಬೀಗ ತೆಗೆಯುವ ದಾರಿ ಮಾಲೀಕನಿಗೆ ಕೊಡಬೇಕು ಎಂದು ಒಂದು ಸಾಲಿನ ನಿಯಮ ಸಾಕು. ಹಾಗೆ ತೆರೆದ ಫೋನ್‌ನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಓಡುವುದಿಲ್ಲ, ನಿಜ. ಅದನ್ನು ಬಗೆಹರಿಸುವುದು ಹಣಕಾಸು ಇಲಾಖೆಯ ಕಡೆಯ ಮಾತು, ಇಲ್ಲಿ ಬೆಳೆಸುವುದಿಲ್ಲ.

ರೈತರ ವಿಷಯ ಒಂದೆರಡು ಮಾತು. 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅದಕ್ಕಾಗಿ ಎಂಜಿನ್‌ಗೆ ಎಲೆಕ್ಟ್ರಾನಿಕ್ ನಿಯಂತ್ರಣ ಬಂತು. ಹೊಗೆ ಕಡಿಮೆ ಆಗಲಿ, ಒಳ್ಳೆಯದೇ. ಆದರೆ ಸ್ಪ್ಯಾನರ್ ಹಿಡಿದು ಬರುತ್ತಿದ್ದ ಊರ ಮೇಸ್ತ್ರಿ ಈಗ ಸ್ಕ್ಯಾನರ್ ಹಾಕಬೇಕು ಅಂತ ಕೈ ಚೆಲ್ಲುತ್ತಾನೆ. ಆ ಸ್ಕ್ಯಾನರ್, ಅದರ ಸಾಫ್ಟ್‌ವೇರ್ ಅವನಿಗೂ ಬೆಲೆ ಕೊಟ್ಟರೆ ಸಿಗುವಂತಾಗಬೇಕು. ಬಿತ್ತನೆಗೆ ಹದ ಬಂದಾಗ ಶೋರೂಮಿನ ಸರದಿ ಕಾಯಲು ಆಗುವುದಿಲ್ಲ ಅಂತ ಕುಂದಗೋಳ, ನವಲಗುಂದ ಸುತ್ತಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ಇನ್ನೊಂದು ಖಾತೆಗೆ ಬರುತ್ತೇನೆ. ಮನೆ ಮೇಲೆ ಸೋಲಾರ್ ಹಾಕಿಸಲು ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. 1 ಕೋಟಿ ಮನೆಗಳ ಗುರಿ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ನಾವೂ ಹಾಕಿಸಿದೆವು. ಪ್ಯಾನೆಲ್ ಬಗ್ಗೆ ದೂರಿಲ್ಲ. ಬಿಲ್ ಇಳಿದಿದೆ, ಖುಷಿಯಾಗಿದೆ.

ತೊಂದರೆ ಶುರುವಾದದ್ದು ಮನೆಯ ವೈಫೈ ರೂಟರ್ ಬದಲಿಸಿದ ಮೇಲೆ. ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಹೊಂದಿಸುವ ಪೆಟ್ಟಿಗೆ ಇನ್ವರ್ಟರ್. ಅದರ ತಳದಲ್ಲಿ ವೈಫೈ ಹಿಡಿಯುವ ಹೆಬ್ಬೆರಳು ಗಾತ್ರದ ಡಾಂಗಲ್ ಇದೆ. ಆ ಡಾಂಗಲ್ ಹಳೆಯ ರೂಟರ್‌ನ ಪಾಸ್‌ವರ್ಡ್ ಹಿಡಿದುಕೊಂಡು ಕೂತಿತು, ಆ್ಯಪ್‌ನಲ್ಲಿ 'ಆಫ್‌ಲೈನ್' ಅಂತ ಬಂತು. ಹೊಸ ಪಾಸ್‌ವರ್ಡ್ ಹಾಕೋಣ ಅಂದರೆ ನಮ್ಮ ಲಾಗಿನ್‌ಗೆ ಬರೀ ನೋಡುವ ಅಧಿಕಾರ. ಬದಲಿಸುವ ಅಧಿಕಾರ ಇನ್‌ಸ್ಟಾಲರ್ ಖಾತೆಗೆ. ಇನ್‌ಸ್ಟಾಲರ್ ಫೋನ್ ಎತ್ತಲಿಲ್ಲ. ತಯಾರಕ ಕಂಪನಿಗೆ ಮಾಡಿದರೆ, ನಿಮ್ಮ ಡೀಲರ್‌ನ್ನೇ ಕೇಳಿ ಅಂದರು. ನೆಟ್ ಮೀಟರ್‌ನಲ್ಲಿ ಹೆಸ್ಕಾಂನಿಂದ ಬಂದ ಯೂನಿಟ್, ಹೆಸ್ಕಾಂಗೆ ಹೋದ ಯೂನಿಟ್ ಕಾಣುತ್ತದೆ. ನಮ್ಮ ಮಾಳಿಗೆ ಇವತ್ತು ಎಷ್ಟು ಕರೆಂಟ್ ಮಾಡಿತು, ಯಾವ ಸಾಲಿನ ಪ್ಯಾನೆಲ್ ಕಮ್ಮಿ ಕೊಡುತ್ತಿದೆ ಅನ್ನುವುದು ಇನ್ವರ್ಟರ್‌ಗೆ ಗೊತ್ತು. ಅದು ನಮ್ಮದೇ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪೆಟ್ಟಿಗೆ. ಆದರೂ ತನಗೆ ಗೊತ್ತಿದ್ದನ್ನು ಎಲ್ಲೋ ದೂರದ ಸರ್ವರ್‌ಗೆ ಹೇಳುತ್ತದೆಯೇ ಹೊರತು ನಮಗೆ ನೇರವಾಗಿ ಹೇಳುವುದಿಲ್ಲ.

ಇದು ಬರೀ ಕಿರಿಕಿರಿಯ ವಿಷಯ ಅಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಒಂದು ಚೀನೀ ಕಂಪನಿಯ ಇನ್ವರ್ಟರ್‌ಗಳು ಇದ್ದಕ್ಕಿದ್ದಂತೆ ನಿಂತುಹೋದವು. ಇಲ್ಲಿ ಬಳಸಲು ಇದಕ್ಕೆ ಅನುಮತಿಯಿಲ್ಲ ಅಂತ ಪರದೆ ಮೇಲೆ ಬರಹ ಬಂತು. ವ್ಯಾಪಾರದ ಜಗಳ ಯಾರದೋ, ಕತ್ತಲೆ ಯಾರ ಮನೆಗೋ. ಒಂದು ಕೋಟಿ ಮನೆಗಳಿಗೆ ಇನ್ವರ್ಟರ್ ಹಾಕಿಸಲು ಹೊರಟ ಸರ್ಕಾರ ಇದನ್ನು ಹಗುರವಾಗಿ ತಗೊಳ್ಳಬಾರದು. ಸರ್ವರ್ ನಮ್ಮ ದೇಶದಲ್ಲೇ ಇರಲಿ ಅನ್ನುವ ಮಾತು ಕೇಳಿಬರುತ್ತದೆ. ಇರಲಿ. ಆದರೆ ಸರ್ವರ್ ಬೆಂಗಳೂರಿನಲ್ಲಿದ್ದರೂ ಪಾಸ್‌ವರ್ಡ್ ನನ್ನ ಬಳಿ ಇಲ್ಲದಿದ್ದರೆ ನನ್ನ ಪಾಲಿಗೆ ಏನು ಬದಲಾಯಿತು?

ಸಬ್ಸಿಡಿ ಬೇಕಾದರೆ ಪ್ಯಾನೆಲ್ ದೇಶದಲ್ಲೇ ತಯಾರಾಗಿರಬೇಕು ಎಂದು ಷರತ್ತು ಹಾಕಿದ್ದೀರಿ. ಕಂಪನಿಗಳು ಗೊಣಗಿದರೂ ಪಾಲಿಸುತ್ತಿವೆ. ಅದರ ಕೆಳಗೆ ಇನ್ನು ಎರಡು ಸಾಲು ಸೇರಿಸಿ. ಕೆಲಸ ಮುಗಿದ ದಿನ ಪೂರ್ಣ ಅಧಿಕಾರದ ಲಾಗಿನ್ ಮನೆ ಮಾಲೀಕನ ಹೆಸರಿಗೆ ಆಗಬೇಕು. ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಇನ್ವರ್ಟರ್‌ನ ಅಂಕಿಅಂಶ ಓದಲು ಬರಬೇಕು. ಇದೇನು ಆಗದ ಕೆಲಸ ಅಲ್ಲ. ಕಾರ್ಖಾನೆ ಯಂತ್ರಗಳು ಪರಸ್ಪರ ಮಾತಾಡುವ ಮಾಡ್‌ಬಸ್ ಎಂಬ ಪದ್ಧತಿ 1979ರಿಂದ ಇದೆ, ಎಷ್ಟೋ ಇನ್ವರ್ಟರ್‌ಗಳಲ್ಲಿ ಅದರ ಪೋರ್ಟ್ ಈಗಲೂ ಇದೆ. ಅದನ್ನು ಬಳಸುವ ವಿವರ ಮಾತ್ರ ಗ್ರಾಹಕನಿಗೆ ಸುಲಭವಾಗಿ ಸಿಗುವುದಿಲ್ಲ. ವಿವರ ಸಿಕ್ಕರೆ, ಮನೆಯ ಉಪಕರಣಗಳನ್ನು ಒಂದೇ ಕಡೆ ನೋಡಿ ನಡೆಸುವ ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ಸಾಫ್ಟ್‌ವೇರ್ ಹಾಕಿ ನಮ್ಮ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರೇ ಕನ್ನಡದಲ್ಲಿ ಆ್ಯಪ್ ಮಾಡಿ ಕೊಟ್ಟಾರು. ಯೋಜನೆಯಡಿ ಮಾರಾಟಗಾರ 5 ವರ್ಷ ನಿರ್ವಹಣೆ ಮಾಡಬೇಕು, ಸರಿ. ಪ್ಯಾನೆಲ್ ಬಾಳಿಕೆ 25 ವರ್ಷ ಅನ್ನುತ್ತಾರೆ. ಉಳಿದ 20 ವರ್ಷ ನಾವು ಯಾರ ಬಾಗಿಲು ತಟ್ಟಬೇಕು?

ಕಂಪನಿಗಳು ನಿಮ್ಮ ಮುಂದೆ ಬಂದು ಎರಡು ಮಾತು ಹೇಳುತ್ತಾರೆ. ಬೀಗ ತೆಗೆದರೆ ಕಳ್ಳರಿಗೆ ಅನುಕೂಲ ಅನ್ನುವುದು ಒಂದು. ಅದರಲ್ಲಿ ಸ್ವಲ್ಪ ಹುರುಳಿದೆ, ಕದ್ದ ಫೋನ್ ಬಿಚ್ಚಿ ಮಾರುವವರು ಇದ್ದಾರೆ. ಆದರೆ ಕಳುವಾದ ಫೋನನ್ನು ಅದರ ಗುರುತಿನ ಸಂಖ್ಯೆಯಾದ ಐಎಂಇಐ ಮೂಲಕ ಬ್ಲಾಕ್ ಮಾಡುವ ವ್ಯವಸ್ಥೆ ಸರ್ಕಾರವೇ ಮಾಡಿದೆ. ಕಳುವಿನ ದೂರು ಇರುವ ಫೋನಿನ ಬಿಡಿಭಾಗವನ್ನು ತಡೆಯಲಿ, ಉಳಿದವರನ್ನೆಲ್ಲ ಕಳ್ಳರ ಸಾಲಿಗೆ ಸೇರಿಸುವುದು ಬೇಡ. ಎರಡನೆಯದು ಸುರಕ್ಷತೆ. ಅಗ್ಗದ ಕಾಪಿ ಬ್ಯಾಟರಿ ಉಬ್ಬುವುದು ನಿಜ. ಅಂಗಡಿ ಹುಡುಗನಿಗೆ ಒರಿಜಿನಲ್ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಕ್ಕರೆ ಅವನು ಕಾಪಿ ಏಕೆ ಹಾಕುತ್ತಾನೆ?

ಇಂಥ ವಾದ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಬಿಡಿಭಾಗ ಮತ್ತು ದೋಷ ಹುಡುಕುವ ಉಪಕರಣಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ದಂಡ ಹಾಕಿತ್ತು. ಕೇಸು ಮೇಲ್ಮನವಿಗೆ ಹೋಯಿತು, ವರ್ಷಗಟ್ಟಲೆ ಎಳೆಯಿತು. 2022ರಲ್ಲಿ ಅದೇ ಆಯೋಗ ಗೂಗಲ್‌ಗೆ 1,337 ಕೋಟಿ ದಂಡ ಹಾಕಿದಾಗ, ಮೊದಲೇ ತುಂಬಿ ಕೊಟ್ಟ ಆ್ಯಪ್‌ಗಳನ್ನು ಅಳಿಸದಂತೆ ತಡೆಯಬಾರದು ಅಂತಲೂ ಹೇಳಿತು. ತಪ್ಪು ನಡೆದು, ದೂರು ಬಂದು, ದಂಡ ಬೀಳುವಷ್ಟರಲ್ಲಿ ಕಾರೂ ಹಳೆಯದಾಗಿರುತ್ತದೆ, ಫೋನೂ ಕಸವಾಗಿರುತ್ತದೆ. ಅದಕ್ಕೇ ಮೊದಲೇ ನಿಯಮ ಬೇಕು ಅಂತಿರುವುದು.

ಕಂಪನಿಗಳಿಗಷ್ಟೇ ಬೈದು ಸರ್ಕಾರವನ್ನು ಬಿಟ್ಟರೆ ಅನ್ಯಾಯವಾದೀತು. 2025ರ ಕೊನೆಯಲ್ಲಿ ಹೊಸ ಫೋನ್‌ಗಳಲ್ಲೆಲ್ಲ ಕಳುವಾದ ಫೋನಿನ ಬಗ್ಗೆ ದೂರು ಕೊಡುವ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಇರಲೇಬೇಕು ಎಂದು ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿ, ವಿರೋಧ ಬಂದ ಮೇಲೆ ಡಿಸೆಂಬರ್ 3ರಂದು ವಾಪಸ್ ತಗೊಂಡಿತು. ಅದು ನಿಮ್ಮ ಇಲಾಖೆಯಲ್ಲ. ಆ್ಯಪ್ ಉಪಯುಕ್ತವೇ, ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ನನ್ನ ಫೋನ್‌ನಲ್ಲಿ ಏನಿರಬೇಕು ಅನ್ನುವುದನ್ನು ಕಂಪನಿ ಬದಲು ಸರ್ಕಾರ ತೀರ್ಮಾನಿಸಿದರೆ ನಾನು ಕೇಳುತ್ತಿರುವುದು ಸಿಕ್ಕ ಹಾಗಾಗುವುದಿಲ್ಲ, ಅಷ್ಟೇ.

ಜೋಶಿಯವರೇ, ಹೊಸ ಸಮಿತಿ ಬೇಡ. ಸೂಚ್ಯಂಕದಲ್ಲಿ ಬಿಡಿಭಾಗದ ಬೀಗಕ್ಕೆ ಅಂಕ ಕತ್ತರಿಸುವುದು, ಕಂಪನಿ ಘೋಷಿಸಿದ ಅಂಕವನ್ನು ಹೊರಗಿನವರು ತಪಾಸಣೆ ಮಾಡುವುದು, ಅಪ್‌ಡೇಟ್ ನಿಂತ ಫೋನ್‌ನ ಬೀಗ ತೆಗೆಸುವುದು ಗ್ರಾಹಕ ವ್ಯವಹಾರ ಇಲಾಖೆಯಿಂದ ಶುರುವಾಗಬಹುದು. ಇನ್ವರ್ಟರ್ ಲಾಗಿನ್ ವಿಷಯ ಇನ್ನೂ ಸುಲಭ, ಸಬ್ಸಿಡಿ ಮಾರ್ಗಸೂಚಿಯಲ್ಲಿ ತಿದ್ದುಪಡಿ ಆದರೆ ಸಾಕು. ಈ ನಾಲ್ಕರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಏಕೆ, ಇಷ್ಟನ್ನು ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಪತ್ರಿಕೆಯವರ ಮುಂದೆ ಹೇಳಿ. ಆಗುವುದಿಲ್ಲ ಅಂತ ಹೇಳಿದರೂ ಪರವಾಗಿಲ್ಲ, ಕಾರಣ ಗೊತ್ತಾದರೆ ಮುಂದೆ ಯಾರನ್ನು ಕೇಳಬೇಕು ಅಂತ ನಮಗೆ ತಿಳಿಯುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಗ್ರಾಹಕ